ನೆಲಮಾಳಿಗೆಗೆ, ಬಚ್ಚಲಿಗೆ, ಸೀಲಿಂಗಿಗೆ ಯಾವ ಬೋರ್ಡು? ಬೆಲ್‌ರೋಸ್ ಕಡೆಯ ಮನೆಗಳಿಗೆ ಒಂದು ಕೈಪಿಡಿ



ಬೆಲ್‌ರೋಸ್ ಕಡೆ ಮನೆ ಕೊಂಡ ನಮ್ಮವರು ಮೊದಲ ಬೇಸಿಗೆಯಲ್ಲಿ ಸಾಮಾನ್ಯವಾಗಿ ಎರಡು ಕೆಲಸಕ್ಕೆ ಕೈ ಹಾಕುತ್ತಾರೆ. ಹಿತ್ತಲಲ್ಲಿ ಬದನೆ, ಮೆಣಸಿನ ಗಿಡ ನೆಡುವುದು ಒಂದು. ಬೇಸ್‌ಮೆಂಟನ್ನು "ಫಿನಿಷ್" ಮಾಡಿಸುವುದು ಇನ್ನೊಂದು. ಊರಿಂದ ಅಪ್ಪ ಅಮ್ಮ ಆರು ತಿಂಗಳಿಗೆ ಬರುತ್ತಾರೆ, ಮೇಲಿರುವುದು ಮೂರೇ ಕೋಣೆ, ಮಕ್ಕಳಿಗೂ ಆಡಲು ಜಾಗ ಬೇಕು. ಕಂಟ್ರಾಕ್ಟರು ಬಂದು ಅಳತೆ ತೆಗೆದು "ಒಳ್ಳೆ ಶೀಟ್‌ರಾಕ್ ಹಾಕ್ತೀನಿ ಬಿಡಿ" ಎಂದು ಹೇಳಿ ಹೋಗುತ್ತಾರೆ. ಯಾವ ಶೀಟ್‌ರಾಕ್, ಎಷ್ಟು ದಪ್ಪ, ಎಲ್ಲಿಗೆ ಯಾವುದು ಎಂದು ಕೇಳಲು ನಮಗೆ ಹೊಳೆಯುವುದೇ ಇಲ್ಲ. ಇಟ್ಟಿಗೆ, ಗಾರೆ, ಸುಣ್ಣದ ಗೋಡೆಗಳ ನಡುವೆ ಬೆಳೆದ ನಮಗೆ ಕಾಗದ ಹೊದ್ದ ಗೋಡೆಯ ಬಗ್ಗೆ ಏನು ಕೇಳಬೇಕೆಂಬುದೇ ಗೊತ್ತಿರುವುದಿಲ್ಲ. ಆ ಪ್ರಶ್ನೆಗಳನ್ನು ಒಂದು ಕಡೆ ಜೋಡಿಸುವ ಪ್ರಯತ್ನವಿದು. ನಾವು ಕಟ್ಟಡದ ಎಂಜಿನಿಯರುಗಳಲ್ಲ, ಸಾಫ್ಟ್‌ವೇರ್ ಮಂದಿ. ಆದರೆ ಸ್ಪೆಸಿಫಿಕೇಶನ್ ಓದುವುದು ನಮ್ಮ ದಿನದ ಕೆಲಸವಾದ್ದರಿಂದ ಬೋರ್ಡುಗಳ ಸ್ಪೆಸಿಫಿಕೇಶನ್ನುಗಳನ್ನೂ ಕೂತು ಓದಿದೆವು.

ಇದು ಬರೀ ಅಂದಚಂದದ ವಿಷಯವಲ್ಲ. 2021ರ ಸೆಪ್ಟೆಂಬರ್ 1ರ ರಾತ್ರಿ ಐಡಾ ಚಂಡಮಾರುತದ ಉಳಿಕೆ ನ್ಯೂಯಾರ್ಕಿನ ಮೇಲೆ ಸುರಿದಾಗ ಸೆಂಟ್ರಲ್ ಪಾರ್ಕಿನಲ್ಲಿ ಒಂದೇ ಗಂಟೆಯಲ್ಲಿ 3.15 ಇಂಚು ಮಳೆ ಅಳೆಯಲಾಯಿತು. ನಗರದಲ್ಲಿ ಸತ್ತ 13 ಜನರಲ್ಲಿ 11 ಮಂದಿ ನೆಲಮಾಳಿಗೆಯ ಮನೆಗಳಲ್ಲಿದ್ದವರು, ಹೆಚ್ಚಿನವರು ನಮ್ಮ ಕ್ವೀನ್ಸಿನವರೇ. ಜೀವ ಉಳಿದ ಎಷ್ಟೋ ಮನೆಗಳಲ್ಲಿ ಮರುದಿನದಿಂದಲೇ ಬೀದಿ ಬದಿಗೆ ಒದ್ದೆ ಶೀಟ್‌ರಾಕಿನ ರಾಶಿ ಬಿತ್ತು. ನೆರೆ ತಡೆಯುವ ಬೋರ್ಡು ಯಾವ ಅಂಗಡಿಯಲ್ಲೂ ಸಿಗದು, ಇದನ್ನು ಮೊದಲೇ ಹೇಳಿಬಿಡುತ್ತೇವೆ. ಆದರೆ ನೀರು ಇಳಿದ ಮೇಲೆ ಗೋಡೆ ಒರೆಸಿ ಒಣಗಿಸಿಕೊಳ್ಳಬಹುದೇ ಅಥವಾ ಕಿತ್ತು ಎಸೆಯಬೇಕೇ ಎಂಬುದನ್ನು ಬೋರ್ಡು ನಿರ್ಧರಿಸುತ್ತದೆ. ಕೆಳಗೆ ಬೆಂಕಿ ಹತ್ತಿದರೆ ಮೇಲೆ ಮಲಗಿದವರು ಇಳಿದು ಓಡಲು ಎಷ್ಟು ನಿಮಿಷ ಸಿಗುತ್ತದೆ ಎಂಬುದರಲ್ಲೂ ಅದರ ಪಾಲು ದೊಡ್ಡದು.

ಜಿಪ್ಸಮ್ ಎಂದರೇನು?

ಶೀಟ್‌ರಾಕ್ ಎನ್ನುವುದು ಯುನೈಟೆಡ್ ಸ್ಟೇಟ್ಸ್ ಜಿಪ್ಸಮ್ ಕಂಪನಿಯ ಬ್ರ್ಯಾಂಡಿನ ಹೆಸರು, 1917ರಿಂದ ಇದೆ. ನಾವು ಜೆರಾಕ್ಸ್ ಎನ್ನುವ ಹಾಗೆ ಇಲ್ಲಿನವರು ಎಲ್ಲ ಜಿಪ್ಸಮ್ ಬೋರ್ಡಿಗೂ ಅದೇ ಹೆಸರು ಬಳಸುತ್ತಾರೆ. ಇದರ ಅಜ್ಜನೆನ್ನಬಹುದಾದ ಬೋರ್ಡಿಗೆ ಆಗಸ್ಟೀನ್ ಸ್ಯಾಕೆಟ್ ಎಂಬಾತ 1894ರಲ್ಲಿ ಪೇಟೆಂಟ್ ಪಡೆದಿದ್ದ. ಎರಡು ಕಡೆ ದಪ್ಪ ಕಾಗದ, ನಡುವೆ ಜಿಪ್ಸಮ್, ಅಷ್ಟೇ.

ಜಿಪ್ಸಮ್ ಒಂದು ಖನಿಜ. ಅದರ ತೂಕದಲ್ಲಿ ಸುಮಾರು 21 ಪರ್ಸೆಂಟ್ ನೀರು. ಮುಟ್ಟಿದರೆ ಒದ್ದೆಯಾಗಿರುವುದಿಲ್ಲ, ಏಕೆಂದರೆ ಆ ನೀರು ಹರಳಿನೊಳಗೆ ರಾಸಾಯನಿಕವಾಗಿ ಕಟ್ಟಿಕೊಂಡಿರುತ್ತದೆ. ನಾಲ್ಕಡಿ ಎಂಟಡಿಯ, 5/8 ಇಂಚು ದಪ್ಪದ ಒಂದು ಹಾಳೆ ಸುಮಾರು 70 ಪೌಂಡ್ ತೂಗುತ್ತದೆ. ಲೆಕ್ಕ ಹಾಕಿದರೆ ಅದರೊಳಗೆ ಸುಮಾರು ಆರು ಲೀಟರ್ ನೀರು ಅಡಗಿದೆ! ಬೆಂಕಿ ತಾಗಿದಾಗ ಈ ನೀರು ಆವಿಯಾಗಿ ಹೊರಬರಬೇಕು. ಅದು ಪೂರ್ತಿ ಮುಗಿಯುವವರೆಗೆ ಬೋರ್ಡಿನ ಹಿಂಬದಿ ನೀರು ಕುದಿಯುವ ಬಿಸಿಗಿಂತ ಹೆಚ್ಚೇನೂ ಏರುವುದಿಲ್ಲ, ಹಿಂದಿನ ಮರದ ಸ್ಟಡ್ಡು ಹೊತ್ತಿಕೊಳ್ಳುವುದಿಲ್ಲ. ಒಲೆಯ ಮೇಲಿನ ಪಾತ್ರೆಯಲ್ಲಿ ನೀರಿರುವ ತನಕ ತಳ ಸೀಯುವುದಿಲ್ಲವಲ್ಲ, ಹಾಗೆ.

ಇದೇ ಬೋರ್ಡಿನ ದೌರ್ಬಲ್ಯ ಅದರ ಕಾಗದ. ಬೂಷ್ಟಿಗೆ ಕಾಗದ ಎಂದರೆ ಹಬ್ಬದ ಊಟ. ಬೋರ್ಡು ಒದ್ದೆಯಾದರೆ 24ರಿಂದ 48 ಗಂಟೆಯೊಳಗೆ ಒಣಗಿಸಬೇಕು, ತಡವಾದರೆ ಬೂಷ್ಟು ಬೆಳೆಯತೊಡಗುತ್ತದೆ ಎಂದು ಇಪಿಎ ಹೇಳುತ್ತದೆ. ಒಟ್ಟಿನಲ್ಲಿ ಮಾಮೂಲಿ ಬೋರ್ಡು ಬೆಂಕಿಗೆ ತಕ್ಕಮಟ್ಟಿಗೆ ಗಟ್ಟಿ, ನೀರಿಗೆ ಪುಕ್ಕಲು. ಅಂಗಡಿಯಲ್ಲಿ ಸಿಗುವ ಉಳಿದೆಲ್ಲ ಬಗೆಗಳು ಈ ಎರಡು ಗುಣಗಳಲ್ಲಿ ಒಂದನ್ನೋ ಎರಡನ್ನೋ ತಿದ್ದಲು ಹುಟ್ಟಿದವು.

ಬೆಂಕಿಯ ಮಾತು

ಬೆಂಕಿಗೆಂದೇ ಮಾಡಿದ ಬೋರ್ಡಿಗೆ ಇಲ್ಲಿ "ಟೈಪ್ ಎಕ್ಸ್" ಎಂದು ಹೆಸರು, ಸಾಮಾನ್ಯವಾಗಿ 5/8 ಇಂಚು ದಪ್ಪ. ಜಿಪ್ಸಮ್ ತನ್ನ ನೀರನ್ನೆಲ್ಲ ಕಳೆದುಕೊಂಡ ಮೇಲೆ ಸುಣ್ಣದ ಪುಡಿಯಂತೆ ಕುಗ್ಗಿ ಬಿರುಕು ಬಿಡುತ್ತದೆ. ಆಗ ಉದುರಿ ಬೀಳದಂತೆ ಹಿಡಿದಿಡಲು ಒಳಗೆ ಗಾಜಿನ ನಾರು ಬೆರೆಸಿರುತ್ತಾರೆ. "ಟೈಪ್ ಸಿ" ಎಂಬುದು ಇನ್ನೂ ಒಂದು ಮೆಟ್ಟಿಲು ಮೇಲೆ. ಅದರಲ್ಲಿ ನಾರು ಹೆಚ್ಚು, ಜೊತೆಗೆ ಬಿಸಿಗೆ ಉಬ್ಬುವ ವರ್ಮಿಕ್ಯುಲೈಟ್ ಇರುತ್ತದೆ. ಜಿಪ್ಸಮ್ ಕುಗ್ಗಿದಷ್ಟನ್ನು ಇದು ಉಬ್ಬಿ ತುಂಬುತ್ತದೆ. ಸೀಲಿಂಗಿನಲ್ಲಿ ಇದಕ್ಕೆ ಬೆಲೆ ಹೆಚ್ಚು, ಏಕೆಂದರೆ ಬಿರುಕು ಬಿಟ್ಟ ಬೋರ್ಡು ಗೋಡೆಯಲ್ಲಾದರೂ ನಿಂತೀತು, ತಲೆಯ ಮೇಲಿನದು ಬಿದ್ದೇ ಬೀಳುತ್ತದೆ.

ಕೋಡ್ ಪುಸ್ತಕದಲ್ಲಿ ಒಂದು ಸುಲಭವಾದ ಲೆಕ್ಕವಿದೆ. ಮಾಮೂಲಿ ಅರ್ಧ ಇಂಚಿನ ಬೋರ್ಡಿಗೆ 15 ನಿಮಿಷ, ಮಾಮೂಲಿ 5/8 ಇಂಚಿಗೆ 30, ಟೈಪ್ ಎಕ್ಸ್ 5/8 ಇಂಚಿಗೆ 40. ಹದಿನಾರು ಇಂಚಿಗೊಂದರಂತೆ ನಿಲ್ಲಿಸಿದ ಮರದ ಸ್ಟಡ್ಡುಗಳಿಗೆ 20. ಎರಡು ಕಡೆಯೂ ಟೈಪ್ ಎಕ್ಸ್ ಇರುವ ಗೋಡೆಗೆ ಬೆಂಕಿಯ ಬದಿಯ ಬೋರ್ಡಿನ 40 ಮತ್ತು ಸ್ಟಡ್ಡಿನ 20 ಕೂಡಿ ಒಂದು ಗಂಟೆ. ಯುಎಲ್ ಸಂಸ್ಥೆಯ ಪಟ್ಟಿಯಲ್ಲಿ ಯು-305 ಎಂಬ ಸಂಖ್ಯೆಯಲ್ಲಿ ಇರುವುದೂ ಇಂಥದೇ ಒಂದು ಗಂಟೆಯ ಗೋಡೆ. ಅರ್ಧ ಇಂಚಿಗೂ 5/8 ಇಂಚಿಗೂ ಕಣ್ಣಿಗೆ ಕಾಣುವ ವ್ಯತ್ಯಾಸ ಒಂದು ಇಂಚಿನ ಎಂಟನೇ ಒಂದು ಭಾಗ. ಸಮಯದಲ್ಲಿ ನೋಡಿದರೆ 15 ನಿಮಿಷ ಎಲ್ಲಿ, 40 ನಿಮಿಷ ಎಲ್ಲಿ!

ಇಲ್ಲಿ ಎರಡು ಮಾತು ಬಿಡಿಸಿ ಹೇಳಬೇಕು, ಮಾರುವವರು ಗೊಂದಲ ಮಾಡುವುದು ಇಲ್ಲೇ.

ಮೊದಲನೆಯದು "ಕ್ಲಾಸ್ ಎ" ಎಂಬ ಹಣೆಪಟ್ಟಿ. ಇದು ಎಎಸ್‌ಟಿಎಂ ಇ-84 ಎಂಬ ಪರೀಕ್ಷೆಯದು. ಪದಾರ್ಥದ ಮೇಲ್ಮೈ ಮೇಲೆ ಜ್ವಾಲೆ ಎಷ್ಟು ಬೇಗ ಹರಡುತ್ತದೆ, ಹೊಗೆ ಎಷ್ಟು ಬರುತ್ತದೆ ಎಂದಷ್ಟೇ ಅದು ಅಳೆಯುತ್ತದೆ. ಜ್ವಾಲೆಯ ಅಂಕ 25ರೊಳಗೆ, ಹೊಗೆಯ ಅಂಕ 450ರೊಳಗೆ ಇದ್ದರೆ ಕ್ಲಾಸ್ ಎ. ಗೋಡೆ ಬೆಂಕಿಯನ್ನು ಎಷ್ಟು ಹೊತ್ತು ಆಚೆಗೆ ಬಿಡದೆ ತಡೆಯುತ್ತದೆ ಎಂಬುದು ಬೇರೆಯೇ ಪರೀಕ್ಷೆ, ಎಎಸ್‌ಟಿಎಂ ಇ-119. ಗಂಟೆಯ ಲೆಕ್ಕ ಸಿಗುವುದು ಅಲ್ಲಿ. ಅಲಂಕಾರದ ತೆಳು ಪ್ಲಾಸ್ಟಿಕ್ ಪ್ಯಾನೆಲ್ಲಿಗೂ ಕ್ಲಾಸ್ ಎ ಸಿಗಬಹುದು, ಆದರೆ ಅದು ಬೆಂಕಿಯ ಗೋಡೆಯಲ್ಲ. "ಫೈರ್ ರೇಟೆಡ್" ಎಂದು ಯಾರಾದರೂ ಹೇಳಿದರೆ "ಇ-84ರಲ್ಲೋ, ಇ-119ರಲ್ಲೋ?" ಎಂದು ಕೇಳಿ. ಉತ್ತರಕ್ಕಿಂತ ಅವರ ಮುಖವೇ ಹೆಚ್ಚು ಹೇಳುತ್ತದೆ.

ಎರಡನೆಯದು, ಗಂಟೆಯ ಅಂಕ ಬೋರ್ಡಿನದಲ್ಲ, ಇಡೀ ಗೋಡೆಯದು. ಸ್ಟಡ್ಡು, ಸ್ಕ್ರೂಗಳ ಅಂತರ, ಜೋಡಣೆಯ ಮೇಲಿನ ಟೇಪು, ಎಲ್ಲ ಸೇರಿಸಿಯೇ ಕುಲುಮೆಯ ಮುಂದೆ ನಿಲ್ಲಿಸಿ ಅಳೆದಿರುತ್ತಾರೆ. ನಮ್ಮ ಕಸುಬಿನ ಮಾತಿನಲ್ಲಿ, ಒಂದೊಂದು ಮಾಡ್ಯೂಲೂ ಪಾಸಾದ ಮಾತ್ರಕ್ಕೆ ಸಿಸ್ಟಮ್ ಪಾಸಾಯಿತು ಎನ್ನುವ ಹಾಗಿಲ್ಲ. ಟೈಪ್ ಎಕ್ಸ್ ಸೀಲಿಂಗ್ ಹಾಕಿಸಿ, ಆಮೇಲೆ ಅದರಲ್ಲಿ ಎಂಟು ರಿಸೆಸ್ಡ್ ಲೈಟಿಗೆ ಎಂಟು ತೂತು ಕೊರೆದರೆ ಬೆಂಕಿಗೆ ಎಂಟು ಬಾಗಿಲು ತೆರೆದಂತೆ. ಬೆಂಕಿಯ ಅಂಕ ಇರುವ ಸೀಲಿಂಗಿಗೆ ಹೊಂದುವ ಲೈಟು, ಪೈಪು ವೈರು ಹಾದ ಕಡೆ ತುಂಬುವ ಸೀಲೆಂಟು ಬೇರೆಯೇ ಸಿಗುತ್ತವೆ, ಅವನ್ನೇ ಹಾಕಿಸಿ.

ಎಲ್ಲ ಗೋಡೆಗೂ ಇದು ಬೇಕಾಗಿಲ್ಲ. ನಾವಾದರೆ ಮೊದಲ ದುಡ್ಡನ್ನು ಬಾಯ್ಲರ್ ಇರುವ ಜಾಗದ ಸುತ್ತ, ಬೇಸ್‌ಮೆಂಟಿನ ಸೀಲಿಂಗಿಗೆ ಮತ್ತು ಗರಾಜು ಮನೆಗೆ ಅಂಟಿಕೊಂಡಿದ್ದರೆ ಆ ಗೋಡೆಗೆ ಹಾಕುತ್ತೇವೆ. ದೇಶದ ಮಾದರಿ ವಸತಿ ಕೋಡಿನ ಪ್ರಕಾರ ಗರಾಜಿನ ಮೇಲೆ ವಾಸದ ಕೋಣೆಯಿದ್ದರೆ ಅದರ ಸೀಲಿಂಗಿಗೆ 5/8 ಇಂಚಿನ ಟೈಪ್ ಎಕ್ಸ್ ಕಡ್ಡಾಯ, ಪಕ್ಕದ ಗೋಡೆಗೆ ಕನಿಷ್ಠ ಅರ್ಧ ಇಂಚು. ನ್ಯೂಯಾರ್ಕ್ ನಗರಕ್ಕೆ ತನ್ನದೇ ಕೋಡಿದೆ, ಅದರ ಮಾತು ಮುಂದೆ ಬರುತ್ತದೆ.

ನಡುವೆ ಒಂದು ಮಾತು. 2022ರ ಜನವರಿ 9ರಂದು ಬ್ರಾಂಕ್ಸಿನ ಟ್ವಿನ್ ಪಾರ್ಕ್ಸ್ ಕಟ್ಟಡದಲ್ಲಿ ಸ್ಪೇಸ್ ಹೀಟರಿನಿಂದ ಹೊತ್ತಿದ ಬೆಂಕಿ ಬಹುಪಾಲು ಒಂದೇ ಮನೆಯಲ್ಲಿ ಮತ್ತು ಅದರ ಹೊರಗಿನ ಓಣಿಯಲ್ಲಿ ಉಳಿದಿತ್ತು. ಆದರೂ 17 ಜನ ಸತ್ತರು. ತಾನಾಗಿ ಮುಚ್ಚಬೇಕಿದ್ದ ಬಾಗಿಲು ತೆರೆದೇ ಉಳಿದು ಹೊಗೆ ಇಡೀ ಕಟ್ಟಡಕ್ಕೆ ಹಬ್ಬಿತ್ತು. ಬೇಸ್‌ಮೆಂಟಿನ ಮೆಟ್ಟಿಲ ಬಾಗಿಲಿಗೆ ಗಟ್ಟಿ ಮರದ ಕದ ಹಾಕಿಸಿ, ರಾತ್ರಿ ಅದನ್ನು ಮುಚ್ಚಿ. ಅದಕ್ಕೆ ಬೋರ್ಡಿನಷ್ಟೂ ಖರ್ಚಿಲ್ಲ.

ನೀರಿನ ಮಾತು

ಬೋರ್ಡು ಆರಿಸುವ ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂದು ತಿಳಿಯಬೇಕು. ಬರಿಯ ಕಾಂಕ್ರೀಟ್ ಗೋಡೆಗೆ ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಒಂದೆರಡು ದಿನ ಬಿಡಿ. ಹಾಳೆಯ ಹಿಂದೆ, ಅಂದರೆ ಗೋಡೆಯ ಕಡೆ ಹನಿ ಕಂಡರೆ ನೀರು ಮಣ್ಣಿನಿಂದ ಜಿನುಗುತ್ತಿದೆ. ಕೋಣೆಯ ಕಡೆ ಹನಿ ಕಂಡರೆ ಅದು ಗಾಳಿಯಲ್ಲಿನ ತೇವ ತಂಪು ಗೋಡೆಗೆ ಬಡಿದು ನೀರಾದದ್ದು. ಜುಲೈ ತಿಂಗಳ ಬೆವರುವ ಗಾಳಿಯನ್ನು ಕಿಟಕಿ ತೆರೆದು ಬೇಸ್‌ಮೆಂಟಿಗೆ ಬಿಟ್ಟುಕೊಂಡರೆ ಆಗುವುದು ಇದೇ. "ಗಾಳಿ ಆಡಲಿ" ಎಂಬ ನಮ್ಮೂರಿನ ಬುದ್ಧಿ ಇಲ್ಲಿಯ ಬೇಸ್‌ಮೆಂಟಿಗೆ ಬೇಸಿಗೆಯಲ್ಲಿ ತಿರುಗುಬಾಣ. ಕಿಟಕಿ ಮುಚ್ಚಿ ಡೀಹ್ಯುಮಿಡಿಫೈಯರ್ ಓಡಿಸಿ, ತೇವಾಂಶ 50 ಪರ್ಸೆಂಟಿನ ಆಸುಪಾಸಿನಲ್ಲಿರಲಿ.

ಮಣ್ಣಿನಿಂದ ಜಿನುಗುವ ನೀರಿಗೆ ಒಳಗಿನ ಬೋರ್ಡು ಉತ್ತರವಲ್ಲ. ಸೂರಿನ ದೋಣಿ, ಅದರ ಪೈಪು, ಅಂಗಳದ ಇಳಿಜಾರು, ಬೇಕಾದರೆ ಸಂಪ್ ಪಂಪು, ಇವು ಮೊದಲು ಆಗಬೇಕು. ಆಗ್ನೇಯ ಕ್ವೀನ್ಸಿನಲ್ಲಿ ಇನ್ನೊಂದು ಕಥೆಯೂ ಇದೆ. ಹಿಂದೆ ಅಲ್ಲಿಗೆ ಜಮೈಕಾ ವಾಟರ್ ಸಪ್ಲೈ ಕಂಪನಿಯ ಬಾವಿಗಳಿಂದ ನೀರು ಬರುತ್ತಿತ್ತು. 1996ರಲ್ಲಿ ನಗರ ಅದನ್ನು ಕೊಂಡು ಕ್ರಮೇಣ ಪಂಪುಗಳನ್ನು ನಿಲ್ಲಿಸಿತು. ಎತ್ತುವವರಿಲ್ಲದೆ ಅಂತರ್ಜಲ ಏರಿತು, ಮಳೆ ಇಲ್ಲದ ದಿನವೂ ಬೇಸ್‌ಮೆಂಟುಗಳಿಗೆ ನೀರು ಬಂತು. ನಮ್ಮ ಬೆಲ್‌ರೋಸಿನಿಂದ ದಕ್ಷಿಣಕ್ಕೆ ಮನೆ ನೋಡುತ್ತಿರುವವರು ಈ ವಿಷಯವನ್ನು ಅಕ್ಕಪಕ್ಕದವರಲ್ಲಿ ವಿಚಾರಿಸಿ, ಬ್ರೋಕರನ್ನು ಮಾತ್ರ ನಂಬಬೇಡಿ.

ಇನ್ನು ಬೋರ್ಡುಗಳು. ಹಸಿರು ಕಾಗದದ "ಗ್ರೀನ್‌ಬೋರ್ಡ್" ಎಲ್ಲರಿಗೂ ಗೊತ್ತು. ಒಳಗಿನ ಜಿಪ್ಸಮ್ಮಿಗೆ ಮೇಣ ಬೆರೆಸಿರುತ್ತಾರೆ. ಎರಡು ಗಂಟೆ ನೀರಲ್ಲಿ ಮುಳುಗಿಸಿದರೆ ತನ್ನ ತೂಕದ 5 ಪರ್ಸೆಂಟಿಗಿಂತ ಹೆಚ್ಚು ನೀರು ಹೀರಬಾರದು ಎಂಬುದು ಅದರ ಮಾನದಂಡ. ಎರಡು ಗಂಟೆ! ನೆನಪಿಡಬೇಕಾದ್ದು ಆ ಗಡುವನ್ನು. ಇದು ತೇವ ತಡೆಯುತ್ತದೆ, ನೀರನ್ನಲ್ಲ. ಕಾಗದವೂ ಕಾಗದವೇ. ನೇರಳೆ ಬಣ್ಣದ ನ್ಯಾಷನಲ್ ಜಿಪ್ಸಮ್ ಬೋರ್ಡು, ಯುಎಸ್‌ಜಿಯ ಮೋಲ್ಡ್ ಟಫ್ ಮುಂತಾದವುಗಳಲ್ಲಿ ಕಾಗದಕ್ಕೂ ಬೂಷ್ಟು ತಡೆಯುವ ಸಂಸ್ಕಾರ ಮಾಡಿರುತ್ತಾರೆ. ಬೂಷ್ಟಿನ ಪರೀಕ್ಷೆ ಎಎಸ್‌ಟಿಎಂ ಡಿ-3273, ಪೂರ್ತಿ ಅಂಕ 10. ಕಾಗದವನ್ನೇ ಬಿಟ್ಟು ಗಾಜಿನ ನಾರಿನ ಚಾಪೆ ಹೊದಿಸಿದ ಬೋರ್ಡುಗಳೂ ಇವೆ, ಜಾರ್ಜಿಯಾ-ಪೆಸಿಫಿಕ್ ಕಂಪನಿಯ ಡೆನ್ಸ್ ಸಾಲಿನವು ಅಂಥವು. ಬೂಷ್ಟಿಗೆ ತಿನ್ನಲು ಕಾಗದವೇ ಇಲ್ಲದ್ದರಿಂದ ಬೇಸ್‌ಮೆಂಟಿಗೆ ನಮ್ಮ ಮತ ಇದಕ್ಕೇ. ಮುಟ್ಟಿದರೆ ಕೈ ತುರಿಸುತ್ತದೆ, ಮೇಲ್ಮೈ ಒರಟು, ಬಣ್ಣಕ್ಕೆ ಮೊದಲು ಪೂರ್ತಿ ತೆಳು ಲೇಪ ಹಚ್ಚಬೇಕು. ಕೆಲಸದವರು ಗೊಣಗುತ್ತಾರೆ, ಗೊಣಗಲಿ. ಇದೇ ಬಗೆಯಲ್ಲಿ 5/8 ಇಂಚಿನ ಟೈಪ್ ಎಕ್ಸ್ ಕೂಡ ಸಿಗುತ್ತದೆ. ಒಂದೇ ಹಾಳೆಯಲ್ಲಿ ತೇವಕ್ಕೂ ಬೆಂಕಿಗೂ ಉತ್ತರ ಬೇಕಿದ್ದರೆ ಕೇಳಬೇಕಾದ್ದು ಅದನ್ನು.

ನೆರೆಯ ಲೆಕ್ಕದಲ್ಲಿ ಫೆಮಾ ಕಟ್ಟಡ ಸಾಮಗ್ರಿಗಳನ್ನು 1ರಿಂದ 5ರವರೆಗೆ ವಿಂಗಡಿಸುತ್ತದೆ. 4 ಮತ್ತು 5ನೇ ದರ್ಜೆಯವು ಮಾತ್ರ ನೆರೆ ಬರುವ ಮಟ್ಟದ ಕೆಳಗೆ ಒಪ್ಪಿಗೆ. ಕಾಗದ ಹೊದ್ದ ಜಿಪ್ಸಮ್ಮಿಗೆ ಅಲ್ಲಿ ಜಾಗವಿಲ್ಲ, ಗ್ರೀನ್‌ಬೋರ್ಡಿಗೂ ಇಲ್ಲ. ಸಿಮೆಂಟ್ ಬೋರ್ಡಿಗೆ ಇದೆ. ಹಾಗಾಗಿ ಒಮ್ಮೆ ನೀರು ನುಗ್ಗಿದ ಮನೆಯಾದರೆ ಗೋಡೆಯ ಕೆಳಗಿನ ಎರಡು ಮೂರು ಅಡಿಗೆ ಸಿಮೆಂಟ್ ಬೋರ್ಡು, ಮೇಲಕ್ಕೆ ಕಾಗದವಿಲ್ಲದ ಜಿಪ್ಸಮ್, ನಡುವಿನ ಜೋಡಣೆಗೆ ಮರದ ಪಟ್ಟಿ ಎಂಬ ಏರ್ಪಾಡು ಬುದ್ಧಿವಂತಿಕೆಯದು. ಯಾವ ಬೋರ್ಡೇ ಆಗಲಿ ನೆಲಕ್ಕೆ ತಾಗಿಸಬಾರದು. ಅರ್ಧ ಇಂಚು ಎತ್ತಿ ನಿಲ್ಲಿಸಿ, ಸಂದನ್ನು ಬೇಸ್‌ಬೋರ್ಡ್ ಮುಚ್ಚುತ್ತದೆ. ತಾಗಿಸಿದರೆ ದೀಪದ ಬತ್ತಿ ಎಣ್ಣೆ ಹೀರಿದಂತೆ ಬೋರ್ಡು ನೀರು ಹೀರುತ್ತದೆ.

ಗೋಡೆಯ ಹಿಂದೆ ಏನಿದೆ ಎಂಬುದೂ ಅಷ್ಟೇ ಮುಖ್ಯ. ಕಾಂಕ್ರೀಟಿಗೆ ನೇರವಾಗಿ ಫೋಮ್ ಹಾಳೆ ಅಂಟಿಸಿ, ಅದರ ಮುಂದೆ ಸ್ಟಡ್ಡು ನಿಲ್ಲಿಸುವುದು ಒಳ್ಳೆಯ ಕ್ರಮ. ತೇವದ ಗಾಳಿ ತಂಪು ಕಾಂಕ್ರೀಟನ್ನು ಮುಟ್ಟುವುದು ತಪ್ಪುತ್ತದೆ. ಆದರೆ ಈ ಫೋಮು ಬೆಂಕಿಗೆ ಸಿಕ್ಕರೆ ದಟ್ಟ ವಿಷದ ಹೊಗೆ. ಅದನ್ನು ಬರಿದಾಗಿ ಬಿಡುವಂತಿಲ್ಲ, ಕನಿಷ್ಠ ಅರ್ಧ ಇಂಚಿನ ಜಿಪ್ಸಮ್ ಬೋರ್ಡಿನಿಂದ ಮುಚ್ಚಬೇಕೆಂದು ಕೋಡೇ ಹೇಳುತ್ತದೆ. ಎಷ್ಟೋ ಮನೆಗಳಲ್ಲಿ ಫೋಮ್ ಅಂಟಿಸಿ "ಬೋರ್ಡು ಮುಂದಿನ ವರ್ಷ" ಎಂದು ಬಿಟ್ಟಿರುವುದನ್ನು ನೋಡುತ್ತೇವೆ. ಆ ಒಂದು ವರ್ಷ ಬಾಯ್ಲರ್ ಪಕ್ಕದಲ್ಲೇ ಉರಿಯುತ್ತಿರುತ್ತದೆ!

ಬಚ್ಚಲು ಮನೆ

ಶವರಿನ ಸುತ್ತ ಟೈಲ್ಸ್ ಹಿಂದೆ ಗ್ರೀನ್‌ಬೋರ್ಡ್ ಹಾಕುವುದು ಬಹಳ ಕಾಲದ ರೂಢಿ. 2006ರ ಮಾದರಿ ವಸತಿ ಕೋಡು ಇದನ್ನು ನಿಲ್ಲಿಸಿತು. ಅಲ್ಲಿ ಬೇಕಾದ್ದು ಸಿಮೆಂಟ್ ಬೋರ್ಡು (ಡ್ಯೂರಾಕ್, ಪರ್ಮಾಬೇಸ್), ಫೈಬರ್ ಸಿಮೆಂಟ್ (ಹಾರ್ಡಿಬ್ಯಾಕರ್) ಅಥವಾ ಟೈಲ್ಸಿಗೆಂದೇ ಮಾಡಿದ ಗಾಜು ಚಾಪೆಯ ಬೋರ್ಡು. ಸಿಮೆಂಟ್ ಬೋರ್ಡು ನೀರಿಗೆ ಕೊಳೆಯುವುದಿಲ್ಲ ನಿಜ, ಆದರೆ ನೀರನ್ನು ತಡೆಯುವುದೂ ಇಲ್ಲ. ಮಣ್ಣಿನ ಮಡಕೆಯಂತೆ, ಒಡೆಯದೆ ಇದ್ದರೂ ಜಿನುಗುತ್ತದೆ. ಅದರ ಮೇಲೆ ಬಳಿಯುವ ನೀರು ತಡೆಯ ಪದರ ಅಥವಾ ಹಿಂದೆ ಒಂದು ಹಾಳೆ ಇರಲೇಬೇಕು. ಟೈಲ್ಸ್ ಕೆಲಸದವರು ಇದನ್ನು ಬಿಟ್ಟರೆ ಮೂರು ನಾಲ್ಕು ವರ್ಷದ ಮೇಲೆ ಕೆಳಗಿನ ಸೀಲಿಂಗಿನಲ್ಲಿ ಕಂದು ಕಲೆ ಕಾಣುತ್ತದೆ. ಸ್ಕ್ರೂಗಳೂ ಸಿಮೆಂಟ್ ಬೋರ್ಡಿಗೆಂದೇ ಇರುವ ತುಕ್ಕು ಹಿಡಿಯದವಾಗಿರಲಿ.

ಕಾಂಡೋ, ಕೋ-ಆಪ್ ಮನೆಗಳಲ್ಲಿ ಬಚ್ಚಲಿನ ಗೋಡೆಯೇ ಪಕ್ಕದ ಮನೆಯ ಗೋಡೆಯೂ ಆಗಿರುತ್ತದೆ. ಅಲ್ಲಿನ ಟೈಪ್ ಎಕ್ಸ್ ಕಿತ್ತು ಬರೀ ಸಿಮೆಂಟ್ ಬೋರ್ಡು ಹಾಕಿದರೆ ಬೆಂಕಿಯ ಅಂಕ ಹೋದಂತೆ. ಸಿಮೆಂಟ್ ಬೋರ್ಡು ಉರಿಯುವುದಿಲ್ಲ, ಆದರೆ ಜಿಪ್ಸಮ್ಮಿನಂತೆ ಒಳಗೆ ನೀರಿನ ದಾಸ್ತಾನಿಲ್ಲದ ಕಾರಣ ಬಿಸಿಯನ್ನು ಬೇಗ ಆಚೆಗೆ ದಾಟಿಸುತ್ತದೆ. ಹಿಂದೆ ಟೈಪ್ ಎಕ್ಸ್, ಮುಂದೆ ಸಿಮೆಂಟ್ ಬೋರ್ಡು, ಎರಡೂ ಬೇಕು.

ಎಕ್ಸಾಸ್ಟ್ ಫ್ಯಾನಿನ ಪೈಪು ಮನೆಯಿಂದ ಹೊರಗೆ ಹೋಗಬೇಕು, ಅಟ್ಟಕ್ಕಲ್ಲ. ದೀಪಾವಳಿಯ ಬೆಳಿಗ್ಗೆ ಮನೆಮಂದಿಯೆಲ್ಲ ಸಾಲಾಗಿ ಎಣ್ಣೆ ಸ್ನಾನ ಮಾಡಿದ ಆವಿ ಅಟ್ಟದಲ್ಲಿ ಕೂತರೆ ಯಾವ ಬೋರ್ಡೂ ಬಾಳದು.

ಸೀಲಿಂಗು ಮತ್ತು ದೇವರ ಮನೆ

ಸೀಲಿಂಗಿನ ಜಾಯಿಸ್ಟುಗಳು 24 ಇಂಚಿಗೊಂದರಂತೆ ಇದ್ದರೆ ಮಾಮೂಲಿ ಅರ್ಧ ಇಂಚಿನ ಬೋರ್ಡು ವರ್ಷ ಕಳೆದಂತೆ ಹೊಟ್ಟೆ ಬಿಡುತ್ತದೆ, ತೇವವಿದ್ದರೆ ಇನ್ನೂ ಬೇಗ. 5/8 ಇಂಚು ಹಾಕಿ, ಅಥವಾ ಜೋಲದ ಹಾಗೆ ಮಾಡಿದ ಅರ್ಧ ಇಂಚಿನ ಸೀಲಿಂಗ್ ಬೋರ್ಡು ಕೇಳಿ. ಎರಡನೆಯದು ಹಗುರ, ಆದರೆ ಟೈಪ್ ಎಕ್ಸ್ ಅಲ್ಲ.

ದೇವರ ಮನೆಯ ವಿಷಯ ಇಲ್ಲಿನ ಯಾವ ಕೈಪಿಡಿಯಲ್ಲೂ ಸಿಗದು, ಆದ್ದರಿಂದ ನಾವೇ ಬರೆಯುತ್ತೇವೆ. ಜಿಪ್ಸಮ್ ಬೋರ್ಡನ್ನು ಸತತವಾಗಿ 125 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 52 ಸೆಲ್ಸಿಯಸ್ ಮೀರಿದ ಬಿಸಿಯಲ್ಲಿ ಇಡಬಾರದೆಂದು ತಯಾರಕರೇ ಹೇಳುತ್ತಾರೆ. ದಿನವೂ ಅಷ್ಟು ಬಿಸಿ ತಾಗಿದರೆ ಒಳಗಿನ ನೀರು ನಿಧಾನವಾಗಿ ಹೊರಟುಹೋಗಿ ಬೋರ್ಡು ಪುಡಿಪುಡಿಯಾಗುತ್ತದೆ. ನಿಜವಾಗಿ ಬೆಂಕಿ ಬಂದ ದಿನಕ್ಕೆ ಅದರಲ್ಲಿ ಏನೂ ಉಳಿದಿರುವುದಿಲ್ಲ. ಗೋಡೆಗೆ ಅಂಟಿಸಿದ ಮಂಟಪದಲ್ಲಿ ಗಂಟೆಗಟ್ಟಲೆ ನಂದಾದೀಪ ಇಡುವವರು ದೀಪವನ್ನು ಗೋಡೆಯಿಂದ ಸಾಕಷ್ಟು ಮುಂದಕ್ಕೆ ಇಡಿ. ಹಿಂದೆ ತಗಡನ್ನೋ ಟೈಲ್ಸ್ ಹಚ್ಚಿದ ಸಿಮೆಂಟ್ ಬೋರ್ಡನ್ನೋ ನಿಲ್ಲಿಸುವುದಾದರೆ ಅದಕ್ಕೂ ಗೋಡೆಗೂ ನಡುವೆ ಒಂದು ಇಂಚು ಗಾಳಿ ಆಡಲು ಬಿಡಿ. ಅಂಟಿಸಿದರೆ ಬಿಸಿ ನೇರ ಹಿಂದಕ್ಕೆ ಹೋಗುತ್ತದೆ. ಕಪಾಟಿನೊಳಗೆ ದೇವರನ್ನಿಟ್ಟವರು ಮೇಲಿನ ಹಲಗೆಯನ್ನು ಒಮ್ಮೆ ಮುಟ್ಟಿ ನೋಡಿ, ದೀಪದ ಬಿಸಿಯೆಲ್ಲ ಸೇರುವುದು ಅಲ್ಲಿಗೆ.

ಹಳೆಯ ಗೋಡೆ ಒಡೆಯುವ ಮುನ್ನ

ಬೆಲ್‌ರೋಸಿನ ಬಹಳಷ್ಟು ಮನೆಗಳು ಎರಡನೇ ಮಹಾಯುದ್ಧದ ಹಿಂದುಮುಂದಿನವು. ಒಳಗೋಡೆ ಶೀಟ್‌ರಾಕ್ ಅಲ್ಲದೆ ಪಟ್ಟಿಯ ಮೇಲೆ ಮೆತ್ತಿದ ದಪ್ಪ ಗಾರೆಯಾಗಿರುವುದುಂಟು. ಗಟ್ಟಿಯಾಗಿದ್ದರೆ ಅದನ್ನು ಒಡೆಯಲು ಅವಸರ ಬೇಡ. ಬೆಂಕಿಗೂ ಸದ್ದಿಗೂ ಅದು ಅರ್ಧ ಇಂಚಿನ ಹೊಸ ಬೋರ್ಡಿಗಿಂತ ಕಡಿಮೆಯೇನಲ್ಲ. ಒಡೆಯಲೇಬೇಕಿದ್ದರೆ ಮೊದಲು ಕಲ್ನಾರಿನ, ಅಂದರೆ ಆಸ್‌ಬೆಸ್ಟಾಸ್ ಪರೀಕ್ಷೆ. ಜೋಡಣೆಗೆ ಬಳಿಯುವ ಕಾಂಪೌಂಡಿನಲ್ಲಿ ಅದನ್ನು ನಿಷೇಧಿಸಿದ್ದು 1977ರಲ್ಲಿ. 1978ಕ್ಕೆ ಮೊದಲಿನ ಮನೆಯಾದರೆ ಬಣ್ಣದಲ್ಲಿ ಸೀಸ ಇರಬಹುದು. ಅಂಥ ಮನೆಯಲ್ಲಿ ದುಡ್ಡಿಗೆ ಕೆಲಸ ಮಾಡುವವರಿಗೆ 2010ರ ಏಪ್ರಿಲಿನಿಂದ ಇಪಿಎ ಪ್ರಮಾಣಪತ್ರ ಕಡ್ಡಾಯ. ಮನೆಯಲ್ಲಿ ತೆವಳುವ ಮಗು ಇದ್ದರೆ ಈ ಒಂದು ಪ್ಯಾರಾವನ್ನು ಇನ್ನೊಮ್ಮೆ ಓದಿ.

ಯಾರ ಅನುಮತಿ?

ಬೆಲ್‌ರೋಸ್ ಎಂದರೆ ಒಂದೇ ಊರಲ್ಲ, ಇದು ಹೊಸಬರನ್ನು ತಬ್ಬಿಬ್ಬು ಮಾಡುತ್ತದೆ. ಕ್ವೀನ್ಸಿನ ಬೆಲ್‌ರೋಸಿಗೆ ನ್ಯೂಯಾರ್ಕ್ ನಗರದ ಕಟ್ಟಡ ಇಲಾಖೆ. ನಾಸಾ ಕೌಂಟಿಯ ಬೆಲ್‌ರೋಸ್ ಗ್ರಾಮ 1924ರಿಂದ ತನ್ನದೇ ಆಡಳಿತ ಹೊಂದಿದೆ. ಬೆಲ್‌ರೋಸ್ ಟೆರೇಸ್ ಹೆಂಪ್‌ಸ್ಟೆಡ್ ಟೌನಿಗೆ ಸೇರುತ್ತದೆ. ನಾಸಾ ಕಡೆ ರಾಜ್ಯದ ಕೋಡು, ಕ್ವೀನ್ಸ್ ಕಡೆ ನಗರದ ಕೋಡು. ರಸ್ತೆಯ ಈಚೆ ಮನೆಯ ಸ್ನೇಹಿತರು ಹೇಳಿದ ನಿಯಮ ಆಚೆಯ ಮನೆಗೆ ಹೊಂದದೆ ಇರಬಹುದು. ಕಂಟ್ರಾಕ್ಟರ್ ಲೈಸೆನ್ಸೂ ಹಾಗೇ, ನಗರದ್ದು ಬೇರೆ, ನಾಸಾ ಕೌಂಟಿಯದ್ದು ಬೇರೆ.

ನಗರದ ಲೆಕ್ಕದಲ್ಲಿ "ಬೇಸ್‌ಮೆಂಟ್" ಮತ್ತು "ಸೆಲ್ಲರ್" ಬೇರೆ ಬೇರೆ. ಎತ್ತರದ ಅರ್ಧಕ್ಕಿಂತ ಹೆಚ್ಚು ಭಾಗ ರಸ್ತೆಯಂಚಿನ ಮಟ್ಟಕ್ಕಿಂತ ಕೆಳಗಿದ್ದರೆ ಅದು ಸೆಲ್ಲರ್. ಒಂದೆರಡು ಕುಟುಂಬಗಳ ಮನೆಯ ಸೆಲ್ಲರಿನಲ್ಲಿ ಆಟದ ಕೋಣೆ ಮಾಡಬಹುದು, ಆದರೆ ನಗರದ ಅನುಮತಿಯಿಲ್ಲದೆ ಮಲಗುವ ಕೋಣೆ ಮಾಡುವಂತಿಲ್ಲ, ಬಾಡಿಗೆಗೂ ಕೊಡುವಂತಿಲ್ಲ. ಊರಿಂದ ಬಂದ ಅಪ್ಪ ಅಮ್ಮನಿಗೆ "ಕೆಳಗೆ ತಂಪಾಗಿರುತ್ತೆ, ಯಾರ ಕಾಟವೂ ಇಲ್ಲ" ಎಂದು ಅಲ್ಲಿ ಹಾಸಿಗೆ ಹಾಕುವ ಮುನ್ನ ಯೋಚಿಸಿ. ಮಂಡಿನೋವಿನವರಿಗೆ ಕತ್ತಲಲ್ಲಿ ಒಂದೇ ಮೆಟ್ಟಿಲ ದಾರಿ, ಆ ಮೆಟ್ಟಿಲಿನ ಪಕ್ಕದಲ್ಲೇ ಬಾಯ್ಲರು. ಹೊರಕ್ಕೆ ದಾಟುವಷ್ಟು ದೊಡ್ಡ ಕಿಟಕಿಯಿಲ್ಲದ ಕಡೆ ಎಂಥ ಟೈಪ್ ಎಕ್ಸ್ ಹಾಕಿಸಿದರೂ ಅದು ಮಲಗುವ ಕೋಣೆಯಾಗದು. ಅಪ್ಪ ಅಮ್ಮನಿಗೆ ಮೇಲಿನ ಕೋಣೆ ಕೊಟ್ಟು, ನಮ್ಮ ಕಂಪ್ಯೂಟರು, ಮಕ್ಕಳ ಆಟದ ಸಾಮಾನು ಕೆಳಕ್ಕೆ ಹೋಗಲಿ.

ಊರಿನ ಮನೆಗೂ ಎರಡು ಮಾತು

ರಜೆಗೆ ಹೋದಾಗ ಬೆಂಗಳೂರಿನ ಫ್ಲ್ಯಾಟಿಗೆ ಫಾಲ್ಸ್ ಸೀಲಿಂಗ್, ಮಂಗಳೂರಿನ ಮನೆಗೆ ಒಳಪ್ಯಾನೆಲ್ ಮಾಡಿಸುವವರು ಬಹಳ. ಅಲ್ಲಿ ಗುಲಾಬಿ ಬಣ್ಣದ ಜಿಪ್ಸಮ್ ಬೋರ್ಡು ಬೆಂಕಿಗೆ, ಹಸಿರು ತೇವಕ್ಕೆ ಎಂಬುದು ರೂಢಿ. ಇಲ್ಲಿಯ ಬಣ್ಣಗಳಿಗೆ ಆ ಅರ್ಥವಿಲ್ಲ, ಆದ್ದರಿಂದ ಎರಡೂ ಕಡೆ ಬಣ್ಣ ಬಿಟ್ಟು ಮುದ್ರೆ ಓದಿ. ಅಲ್ಲಿಯ ಜಿಪ್ಸಮ್ ಬೋರ್ಡಿಗೆ ಐಎಸ್ 2095. ಪ್ಲೈವುಡ್ಡಿನಲ್ಲಿ "ಎಂಆರ್ ಗ್ರೇಡ್" ಎಂದರೆ ತೇವ ತಾಳುವುದು, ನೀರು ತಾಳುವುದಲ್ಲ. ನೀರಿಗೆ ಬೇಕಾದ್ದು ಐಎಸ್ 710ರ ಮೆರೈನ್ ಪ್ಲೈವುಡ್. ಕರಾವಳಿ, ಮಲೆನಾಡಿನ ಮಳೆಗಾಲಕ್ಕೆ ಫೈಬರ್ ಸಿಮೆಂಟ್ ಅಥವಾ ಕ್ಯಾಲ್ಸಿಯಂ ಸಿಲಿಕೇಟ್ ಬೋರ್ಡು ಜಿಪ್ಸಮ್ಮಿಗಿಂತ ವಾಸಿ. ಅಗ್ಗದ ಪಿವಿಸಿ ಸೀಲಿಂಗ್ ನೀರಿಗೆ ಬಗ್ಗುವುದಿಲ್ಲ ನಿಜ, ಆದರೆ ಉರಿದರೆ ಅದರಿಂದ ಬರುವುದು ಆಮ್ಲದ ಹೊಗೆ. ಅಡುಗೆಮನೆಯಲ್ಲಿ ಬೇಡ.

ನೀರಿಗೂ ಬೆಂಕಿಗೂ ಜಗ್ಗದ್ದೆಂದು ಮೆಗ್ನೀಸಿಯಂ ಆಕ್ಸೈಡ್ ಬೋರ್ಡನ್ನು ಎರಡೂ ದೇಶಗಳಲ್ಲಿ ಮಾರುತ್ತಾರೆ. ಡೆನ್ಮಾರ್ಕಿನಲ್ಲಿ 2010ರಿಂದ 2015ರವರೆಗೆ ಅನೇಕ ಕಟ್ಟಡಗಳ ಹೊರಗೋಡೆಗೆ ಇದನ್ನು ಬಳಸಿದರು. ಒಳಗಿನ ಕ್ಲೋರೈಡ್ ಉಪ್ಪು ಗಾಳಿಯ ತೇವ ಹೀರಿ ಬೋರ್ಡುಗಳು ಉಪ್ಪುನೀರು ಸುರಿಸತೊಡಗಿದವು. "ಅಳುವ ಬೋರ್ಡು" ಎಂದೇ ಹೆಸರಾಯಿತು. ಸ್ಕ್ರೂಗಳು ತುಕ್ಕು ಹಿಡಿದವು, ಕಿತ್ತು ಬದಲಿಸಬೇಕಾಯಿತು. ಕ್ಲೋರೈಡ್ ಬದಲು ಸಲ್ಫೇಟ್ ಬಳಸಿದ ಬಗೆ ಈಗ ಸಿಗುತ್ತದೆ. ಯಾವುದೆಂದು ಬರಹದಲ್ಲಿ ಕೊಡದಿದ್ದರೆ ಕೊಳ್ಳಬೇಡಿ.

ಕೊನೆಯದಾಗಿ, ಸರಕು ಬಂದ ದಿನ ಮನೆಯಲ್ಲಿರಿ. 2000ದ ದಶಕದಲ್ಲಿ ಚೀನಾದಿಂದ ಬಂದ ಕೆಲವು ಬೋರ್ಡುಗಳು ಗಂಧಕದ ಅನಿಲ ಬಿಟ್ಟು ಫ್ಲೋರಿಡಾ, ಲೂಸಿಯಾನಾ, ವರ್ಜೀನಿಯಾದ ಮನೆಗಳಲ್ಲಿ ಎಸಿಯ ತಾಮ್ರದ ಸುರುಳಿ, ವೈರುಗಳನ್ನು ಕಪ್ಪಾಗಿಸಿದ್ದವು. ಆ ಹಗರಣದ ಫಲವಾಗಿ ಬಂದ 2012ರ ಡ್ರೈವಾಲ್ ಸುರಕ್ಷತಾ ಕಾಯ್ದೆಯಿಂದಾಗಿ ಪ್ರತಿ ಹಾಳೆಯ ಮೇಲೂ ತಯಾರಕರ ಗುರುತು, ತಯಾರಾದ ತಿಂಗಳು ವರ್ಷ ಇರಬೇಕು. ಹಾಳೆಯ ತುದಿಯ ಪಟ್ಟಿಯಲ್ಲಿ ಬೋರ್ಡಿನ ಬಗೆಯೂ ಇರುತ್ತದೆ. ನೀವು ಕೇಳಿದ್ದೇ ಬಂದಿದೆಯೇ ನೋಡಿ. ಗೋಡೆಗೆ ಏರಿಸಿದ ಮೇಲೆ, ಟೇಪು ಮೆತ್ತುವ ಮುನ್ನ, ಎಲ್ಲ ಗೋಡೆಗಳ ಫೋಟೋ ತೆಗೆದಿಟ್ಟುಕೊಳ್ಳಿ. ಬಣ್ಣ ಬಿದ್ದ ಮೇಲೆ ಅರ್ಧ ಇಂಚಿನದೂ 5/8 ಇಂಚಿನದೂ ಒಂದೇ ಥರ ಕಾಣುತ್ತವೆ.